ಭಾನುವಾರದ ಬಣ್ಣ, ಆರು ದಿನಗಳ ಕಪ್ಪು ಮಸಿ

ಪ್ರಿಯ ಓದುಗರೇ,

ನಿಮ್ಮ ಪತ್ರ ತಲುಪಿತು. 1990ರ ‘ಡಿಕ್ ಟ್ರೇಸಿ’ ಚಲನಚಿತ್ರವನ್ನು ನೋಡಿದಿರಿ. ಹಳದಿ ಕೋಟು, ಢಾಳಾದ ಬಣ್ಣ, ವಿಕಾರ ಮುಖಗಳನ್ನು ಕಂಡು ಇದು ಮಕ್ಕಳ ವೇಷಭೂಷಣ ಸ್ಪರ್ಧೆಯಂತಿದೆ ಎಂದು ಬರೆದಿದ್ದೀರಿ. ಅಮೆರಿಕದವರು ಇದರ ಮೂಲವಾದ, ದಿನಪತ್ರಿಕೆಯಲ್ಲಿ ಬರುತ್ತಿದ್ದ ಪತ್ತೇದಾರಿ ಕಾಮಿಕ್ಸನ್ನು ದಶಕಗಟ್ಟಲೆ ಓದಿದ್ದು ಯಾಕೆ, ಓದುವುದಾದರೆ ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಸಿನಿಮಾ ನೋಡಿ ಕಾಮಿಕ್ಸನ್ನು ಅಳೆದಿರುವುದಕ್ಕೆ ನನ್ನ ತಕರಾರಿದೆ.

ಈ ಕಾಮಿಕ್ಸನ್ನು ಬರೆದವರು ಚೆಸ್ಟರ್ ಗೂಲ್ಡ್. ಒಕ್ಲಹೋಮಾದಿಂದ 1921ರಲ್ಲಿ ಷಿಕಾಗೋಕ್ಕೆ ಬಂದರು. ಮದ್ಯನಿಷೇಧದ ಕಾಲ, ಭೂಗತ ದೊರೆ ಅಲ್ ಕಪೋನ್‌ನ ಊರು. ಕೊಲೆಗಡುಕರು ರಾಜಾರೋಷವಾಗಿ ತಿರುಗುವುದನ್ನು ಕಂಡು ಗೂಲ್ಡ್ ಕುದಿಯುತ್ತಿದ್ದರು. ಹತ್ತು ವರ್ಷ ಒಂದರ ಹಿಂದೊಂದು ಕಾಮಿಕ್ಸ್ ಕಲ್ಪನೆಗಳನ್ನು ಕಳಿಸಿದ ಮೇಲೆ ಪತ್ರಿಕಾ ಮಾಲೀಕ ಜೋಸೆಫ್ ಪ್ಯಾಟರ್ಸನ್ ಒಂದನ್ನು ಒಪ್ಪಿಕೊಂಡರು. ಅದರ ಹೆಸರು ‘ಪ್ಲೇನ್‌ಕ್ಲೋತ್ಸ್ ಟ್ರೇಸಿ’, ಅಂದರೆ ಮಫ್ತಿಯ ಟ್ರೇಸಿ, ಎಂದಿತ್ತು. ಪತ್ತೇದಾರನಿಗೆ ಅಲ್ಲಿನ ಬೀದಿಮಾತಿನಲ್ಲಿದ್ದ ‘ಡಿಕ್’ ಎಂಬ ಹೆಸರನ್ನು ಪ್ಯಾಟರ್ಸನ್ನರೇ ಅಂಟಿಸಿದರು. 1931ರ ಅಕ್ಟೋಬರ್ 4ರಂದು ‘ಡೆಟ್ರಾಯಿಟ್ ಮಿರರ್’ನಲ್ಲಿ ಮೊದಲ ಕಂತು ಬಂತು. ದರೋಡೆಕೋರರು ಟೆಸ್ ಟ್ರೂಹಾರ್ಟ್ ಎಂಬ ಹುಡುಗಿಯ ತಂದೆಯನ್ನು, ಒಬ್ಬ ಅಂಗಡಿಕಾರನನ್ನು, ಕೊಲ್ಲುತ್ತಾರೆ. ಅವಳನ್ನು ಮದುವೆಯಾಗಬೇಕಿದ್ದ ಟ್ರೇಸಿ ಪೊಲೀಸ್ ಸೇರುತ್ತಾನೆ. ದಿನಪತ್ರಿಕೆಯ ಕಾಮಿಕ್ಸ್ ಎಂದರೆ ನಗೆಹನಿ ಎಂದುಕೊಂಡಿದ್ದವರ ಮುಂದೆ ಅಂಗಡಿಕಾರನ ಹೆಣ ಬಿತ್ತು.

ಗೂಲ್ಡರ ಗೆರೆಯನ್ನು ನೀವು ನೋಡಲೇಬೇಕು. ದಟ್ಟ ಕಪ್ಪು, ನೆರಳಿನ ಮೃದುತ್ವವೇ ಇಲ್ಲ, ಟ್ರೇಸಿಯ ಮೂಗು ಗದ್ದಗಳು ಕತ್ತಿಯಿಂದ ಕೆತ್ತಿದಂತೆ. ನಿಮಗೆ ವೇಷವಾಗಿ ಕಂಡ ಆ ಮುಖಗಳು ಮಸಿಯಲ್ಲಿ ಹೆದರಿಸುತ್ತವೆ. ಒಳಗಿನ ಕೇಡು ಚರ್ಮದ ಮೇಲೆ ಬಂದು ನಿಂತಿರುತ್ತದೆ. ಬೆರಳಚ್ಚು, ಗುಂಡಿನ ಪರೀಕ್ಷೆಯಂಥ ಪೊಲೀಸ್ ಕೆಲಸವನ್ನೂ ಅವರು ಶ್ರದ್ಧೆಯಿಂದ ಬರೆದರು. 1946ರಲ್ಲಿ ಟ್ರೇಸಿಯ ಮಣಿಕಟ್ಟಿಗೆ ರೇಡಿಯೋ ಬಂತು. ಕಥೆಯ ಕೊನೆಯನ್ನು ಮಾತ್ರ ಮೊದಲೇ ಗೊತ್ತು ಮಾಡಿಕೊಳ್ಳುತ್ತಿರಲಿಲ್ಲ. ಒಮ್ಮೆ ಟ್ರೇಸಿಯನ್ನು ಪಾರಾಗಲಾರದ ಹಳ್ಳಕ್ಕೆ ಕೆಡವಿ, ಬೇರೆ ದಾರಿ ಕಾಣದೆ, ಅವನು ತನ್ನನ್ನು ಬರೆದ ಕಲಾವಿದನಿಗೇ ಮೊರೆಯಿಡುವಂತೆ ಚಿತ್ರಿಸಿದರು. ಪ್ಯಾಟರ್ಸನ್ ಅದನ್ನು ತಿರಸ್ಕರಿಸಿ ಮತ್ತೆ ಬರೆಸಿದರು. ಆ ಸಂಪಾದಕೀಯ ನಿರ್ಧಾರಕ್ಕೆ ನಾನು ಇಂದಿಗೂ ಕೈಮುಗಿಯುತ್ತೇನೆ.

ಪರದೆಗೆ ಬಂದಾಗ ಇದೆಲ್ಲ ಸೋರಿಹೋಯಿತು. ರಿಪಬ್ಲಿಕ್ ಸಂಸ್ಥೆ 1937ರಿಂದ 1941ರವರೆಗೆ ತೆಗೆದ ನಾಲ್ಕು ಧಾರಾವಾಹಿ ಚಿತ್ರಗಳಲ್ಲಿ ರಾಲ್ಫ್ ಬರ್ಡ್ ಟ್ರೇಸಿಯಾದರು. ಆದರೆ ಅಲ್ಲಿ ಟ್ರೇಸಿ ಎಫ್‌ಬಿಐ ಅಧಿಕಾರಿ, ಟೆಸ್ ಇಲ್ಲವೇ ಇಲ್ಲ. ಆರ್‌ಕೆಓ ಸಂಸ್ಥೆಯ ನಾಲ್ಕು ಚಿತ್ರಗಳಲ್ಲಿ ಟೆಸ್ ಮರಳಿದಳು. ಕೊನೆಯದರಲ್ಲಿ ಬೋರಿಸ್ ಕಾರ್ಲಾಫ್ ಖಳನಾದರು. ರೇಡಿಯೋ ನಾಟಕ, 1950ರ ಟಿವಿ ಸರಣಿ, 1961ರ ಕಾರ್ಟೂನ್‌ಗಳೂ ಬಂದವು. ಕಾರ್ಟೂನಿನಲ್ಲಿ ಟ್ರೇಸಿ ಕೆಲಸವನ್ನೆಲ್ಲ ಸಹಾಯಕರಿಗೆ ಒಪ್ಪಿಸಿ ಕುಳಿತುಬಿಡುತ್ತಾನೆ.

ವಾರನ್ ಬೀಟಿ ನಿರ್ದೇಶಿಸಿದ, ನೀವು ನೋಡಿದ ಚಿತ್ರ ಇವೆಲ್ಲಕ್ಕಿಂತ ಪ್ರಾಮಾಣಿಕವಾದದ್ದು. ಏಳೇ ಬಣ್ಣಗಳ ಮಿತಿ ಹಾಕಿಕೊಂಡು ಹಳೆಯ ಮುದ್ರಣದ ರುಚಿಯನ್ನು ಹಿಡಿದರು. ಕಲಾನಿರ್ದೇಶನ, ಪ್ರಸಾಧನ, ಹಾಡು ಹೀಗೆ ಮೂರು ಆಸ್ಕರ್‌ಗಳು ಬಂದವು. ಆದರೆ ಪತ್ರಿಕೆಯಲ್ಲಿ ಟ್ರೇಸಿಗೆ ಬಣ್ಣವಿದ್ದದ್ದು ಭಾನುವಾರ ಮಾತ್ರ. ಬೀಟಿ ಆ ಪುಟವನ್ನು ಪರದೆಗೆ ತಂದರು, ಉಳಿದ ಆರು ದಿನಗಳ ಕಪ್ಪು ಬಿಳುಪಿನ ಭಯ ಹಿಂದೆಯೇ ಉಳಿಯಿತು.

ಗೂಲ್ಡ್ 1977ರ ಡಿಸೆಂಬರ್ 25ರವರೆಗೆ ಬರೆದರು. 1960ರ ದಶಕದ ಚಂದ್ರಲೋಕದ ಕಥೆಗಳನ್ನು ಸದ್ಯಕ್ಕೆ ಬಿಡಿ. 1943ರ ಕೊನೆಯಲ್ಲಿ ಆರಂಭವಾಗುವ ಫ್ಲ್ಯಾಟ್‌ಟಾಪ್ ಕಥೆಯಿಂದ ಶುರುಮಾಡಿ. ವಿಮಾನವಾಹಕ ಹಡಗಿನ ಅಟ್ಟದಂತೆ ಚಪ್ಪಟೆ ತಲೆಯ ಈ ಬಾಡಿಗೆ ಹಂತಕ ಟ್ರೇಸಿಯನ್ನು ಹಿಡಿದಿಟ್ಟು, ತನ್ನನ್ನು ನೇಮಿಸಿದವರಿಂದಲೇ ಇನ್ನಷ್ಟು ಹಣ ಕೀಳಲು ಹೊರಡುತ್ತಾನೆ. ಪುಸ್ತಕರೂಪದಲ್ಲಿ ಸಿಕ್ಕರೂ ದಿನಕ್ಕೆ ಒಂದೇ ಕಂತು ಓದಿ, ಪುಸ್ತಕ ಮುಚ್ಚಿಡಿ. ಮುಗಿದ ಮೇಲೆ ಮತ್ತೆ ಬರೆಯಿರಿ, ನಿಮ್ಮ ಪತ್ರಕ್ಕೆ ಕಾಯುತ್ತೇನೆ.

— ಸಂಪಾದಕ