ಚೀನೀಯರ ಮೊದಲಕ್ಷರ ಟೈಪಿಂಗ್ ಇಂಗ್ಲಿಷಿಗೆ ಒಗ್ಗುತ್ತದೆಯೇ?

ಪ್ರಶ್ನೆ: ಬೆಳಗಾವಿ ಕೋರ್ಟ್ ಬಳಿ ಇಂಗ್ಲಿಷ್ ಅರ್ಜಿ, ಕರಾರುಪತ್ರ ಟೈಪ್ ಮಾಡುತ್ತೇವೆ. ಚೀನೀಯರ ಹಾಗೆ ಮೊದಲಕ್ಷರಗಳನ್ನಷ್ಟೇ ಒತ್ತಿ ವೇಗ ಹೆಚ್ಚಿಸಬಹುದೇ?

ಉತ್ತರ: ಎಲ್ಲ ಪದಗಳಿಗೂ ಆಗುವುದಿಲ್ಲ, ಪದೇ ಪದೇ ಬರುವ ಸಾಲುಗಳಿಗೆ ಖಂಡಿತ ಆಗುತ್ತದೆ. ಚೀನೀ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪಿನ್‌ಯಿನ್‌ನಲ್ಲಿ ಬಿ, ಜೆ ಒತ್ತಿದರೆ ಬೀಜಿಂಗ್ ಸೇರಿ ಹಲವು ಪದಗಳ ಪಟ್ಟಿ ಬರುತ್ತದೆ, ಅಂಕಿ ಒತ್ತಿ ಆರಿಸುತ್ತಾರೆ. ಪೂರ್ತಿ ಟೈಪ್ ಮಾಡಿದರೂ ಅಲ್ಲಿ ಆರಿಸುವುದು ಸಾಮಾನ್ಯ, ಹಾಗಾಗಿ ಸಂಕ್ಷೇಪದಿಂದ ಉಳಿತಾಯವೇ. ಇಂಗ್ಲಿಷಿನಲ್ಲಿ 'ದ', 'ದಟ್', 'ದಿಸ್' ಎಲ್ಲವೂ ಟಿ ಅಕ್ಷರದಿಂದಲೇ ಶುರು. ಪಟ್ಟಿ ನೋಡುವಷ್ಟರಲ್ಲಿ ಇಡೀ ಪದವನ್ನೇ ಒತ್ತಿರುತ್ತೀರಿ.

ಪದೇ ಪದೇ ಬರುವ ಸಾಲುಗಳಿಗೆ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್‌ಗೆ ಹೋಗಿ. 'ರಿಪ್ಲೇಸ್' ಜಾಗದಲ್ಲಿ ಡಿ-ಸಿ-ಬಿ-ಎಕ್ಸ್, 'ವಿತ್' ಜಾಗದಲ್ಲಿ 'ಡೆಪ್ಯುಟಿ ಕಮಿಷನರ್, ಬೆಳಗಾವಿ' ಎಂದು ಇಂಗ್ಲಿಷಿನಲ್ಲಿ ತುಂಬಿ 'ಆ್ಯಡ್' ಒತ್ತಿ. ಮುಂದೆ ಆ ನಾಲ್ಕಕ್ಷರ ಒತ್ತಿ ಸ್ಪೇಸ್ ಕೊಟ್ಟರೆ ಸಾಲು ಬಿಚ್ಚಿಕೊಳ್ಳುತ್ತದೆ.

ಕೊನೆಯ ಎಕ್ಸ್ ಬಿಡಬೇಡಿ. ಉದಾಹರಣೆಗೆ, ಎಕ್ಸ್ ಇಲ್ಲದೆ ಬರೀ ಎ-ಎಸ್ ಎಂದು ಇಟ್ಟರೆ ಪತ್ರದಲ್ಲಿ 'ಆ್ಯಸ್' ಎಂಬ ಪದ ಬಂದಲ್ಲೆಲ್ಲ ಬೇಡದ ಸಾಲು ನುಗ್ಗುತ್ತದೆ. ಆಗ ಕಂಟ್ರೋಲ್-ಝಡ್ ಒತ್ತಿ. ಸಾದಾ ನಮೂದಿನ ಮಿತಿ 255 ಅಕ್ಷರ. ಕರಾರಿನ ಉದ್ದ ಷರತ್ತಾದರೆ ಅದನ್ನು ಮೊದಲು ಸೆಲೆಕ್ಟ್ ಮಾಡಿ, ಅದೇ ಕಿಟಕಿಯಲ್ಲಿ 'ಫಾರ್ಮ್ಯಾಟೆಡ್ ಟೆಕ್ಸ್ಟ್' ಆರಿಸಿ.

ಬಿಡಿ ಪದಗಳಿಗೆ ಮೊದಲಕ್ಷರಕ್ಕಿಂತ ನಡುವಿನ ಸ್ವರ ಬಿಟ್ಟ ರೂಪವೇ ವಾಸಿ: 'ಅಗ್ರಿಮೆಂಟ್'ಗೆ ಎ-ಜಿ-ಆರ್-ಎಂ-ಎನ್-ಟಿ. ನೆನಪಿನಲ್ಲಿ ಉಳಿಯುತ್ತದೆ, ಬೇರೆ ಪದದೊಂದಿಗೆ ಗೊಂದಲವೂ ಕಡಿಮೆ. ಪಕ್ಷಕಾರರ ಹೆಸರು, ಸರ್ವೆ ನಂಬರ್, ಮೊತ್ತ ಮಾತ್ರ ಪ್ರತಿ ಸಲ ಕೈಯಿಂದಲೇ ಟೈಪ್ ಮಾಡಿ.