ಗಿಲೊಟಿನ್ ಮತ್ತು ನಮ್ಮ ಪ್ರೆಸ್ಸಿನ ಕಟಿಂಗ್ ಮೆಷಿನ್

ಪ್ರಶ್ನೆ: ತಲೆ ಕಡಿಯುವ ಗಿಲೊಟಿನ್ ಯಂತ್ರ ಕಂಡುಹಿಡಿದ ಡಾಕ್ಟರು ಕೊನೆಗೆ ಅದೇ ಯಂತ್ರಕ್ಕೆ ತಲೆ ಕೊಟ್ಟರಂತೆ. ‘ಮಾಡಿದ್ದುಣ್ಣೋ ಮಹರಾಯ’ ಅಂತ ನಮ್ಮ ಮೇಷ್ಟ್ರು ಈ ಕಥೆ ಹೇಳ್ತಿದ್ದರು. ನಿಜವಾ?
– ಓದುಗರೊಬ್ಬರು, ಶಿರಸಿ

ಉತ್ತರ: ಗಾದೆ ಸರಿ, ಕಥೆ ಸುಳ್ಳು. ಜೋಸೆಫ್ ಇಗ್ನಾಸ್ ಗಿಲೊಟಿನ್ 1814ರಲ್ಲಿ, 75ನೇ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ಕಾಯಿಲೆ ಬಂದು ಸತ್ತ. ಇನ್ನೊಂದು ವಿಷಯ. ಯಂತ್ರ ಮಾಡಿದವನೂ ಅವನಲ್ಲ! ಪಾಪ, ಹೆಸರು ಮಾತ್ರ ಅವನ ತಲೆಗೆ ಬಂತು.

ಅವನು ಮಾಡಿದ್ದು ಒಂದು ಭಾಷಣ. ಕ್ರಾಂತಿ ಶುರುವಾದ 1789ರಲ್ಲಿ ಫ್ರಾನ್ಸಿನ ಸಂಸತ್ತಿನಲ್ಲಿ ಎದ್ದುನಿಂತು ಹೇಳಿದ: ತಪ್ಪು ಒಂದೇ ಆದರೆ ಶಿಕ್ಷೆಯೂ ಒಂದೇ ಇರಲಿ. ಅಲ್ಲಿಯವರೆಗೆ ಸಾವಿನಲ್ಲೂ ಜಾತಿ ಇತ್ತು ಅನ್ನಿ. ದೊಡ್ಡ ಮನೆತನದವನಿಗೆ ಕತ್ತಿ, ಬಡವನಿಗೆ ಹಗ್ಗ. ದಾರಿಗಳ್ಳನನ್ನು ಚಕ್ರಕ್ಕೆ ಕಟ್ಟಿ ಕೈಕಾಲು ಮುರಿಯುತ್ತಿದ್ದರು. 1757ರಲ್ಲಿ ರಾಜನಿಗೆ ಚಾಕು ಹಾಕಿದ ದಾಮಿಯೆನ್ ಎಂಬುವನನ್ನು ನಾಲ್ಕು ದಿಕ್ಕಿಗೆ ಕುದುರೆ ಕಟ್ಟಿ ಎಳೆಸಿದ್ದರು. ಅದನ್ನು ನೋಡಲು ಜನ ಕಿಟಕಿಗಳನ್ನು ಬಾಡಿಗೆಗೆ ಹಿಡಿದಿದ್ದರು. ಇದನ್ನೆಲ್ಲ ಕೇಳಿ ಬೆಳೆದ ಡಾಕ್ಟರು, ನೋವಿಲ್ಲದೆ ಕ್ಷಣದಲ್ಲಿ ಮುಗಿಸುವ ಯಂತ್ರ ಇರಲಿ ಅಂದ. ಕತ್ತಿನ ಮೇಲೆ ತಣ್ಣಗಾದ ಹಾಗೆ ಅನ್ನಿಸುತ್ತೆ, ಅಷ್ಟೇ ಅಂತ ಅವನು ವಿವರಿಸಿದಾಗ ಸಭೆ ಗೊಳ್ಳೆಂದು ನಕ್ಕಿತಂತೆ. ಹಾಗೆ ನಕ್ಕವರಲ್ಲಿ ಕೆಲವರ ತಲೆ ಮುಂದೆ ಆ ಯಂತ್ರಕ್ಕೇ ಹೋಯಿತು.

ಎರಡೂವರೆ ವರ್ಷ ಆದಮೇಲೆ ನಕ್ಷೆ ಹಾಕಿದವನು ಆಂಟ್ವಾನ್ ಲೂಯಿ ಎಂಬ ಶಸ್ತ್ರವೈದ್ಯ. ಸರ್ಕಾರದ ಬಡಗಿ ಐದು ಸಾವಿರ ಲಿವ್ರ್‌ಗೂ (ಆಗಿನ ಫ್ರೆಂಚ್ ಹಣ) ಜಾಸ್ತಿ ರೇಟು ಹೇಳಿದ. ಟೋಬಿಯಾಸ್ ಶ್ಮಿಟ್ ಎಂಬ ಜರ್ಮನಿಯವನು ಸಾವಿರದ ಒಳಗೇ ಮಾಡಿಕೊಡ್ತೀನಿ ಅಂದ. ಕೆಲಸ ಅವನಿಗೇ ಹೋಯಿತು. ಅವನ ಕಸುಬು ಏನು ಗೊತ್ತಾ? ಹಾರ್ಪ್ಸಿಕಾರ್ಡ್ ಅಂತ ಪಿಯಾನೋ ಥರದ ವಾದ್ಯ ಮಾಡುವುದು. ಟೆಂಡರ್ ಪದ್ಧತಿ ಎಲ್ಲ ಕಾಲಕ್ಕೂ ಒಂದೇ.

ಇಲ್ಲಿ ನನ್ನದೊಂದು ಸಣ್ಣ ಕಥೆ. ಪತ್ರಿಕೆಗೆ ಬರೆಯುವ ಮುಂಚೆ ನಾನು ಆರು ವರ್ಷ ಒಂದು ಪ್ರೆಸ್ಸಿನಲ್ಲಿದ್ದೆ. ಅಲ್ಲಿ ಕಾಗದ ಕತ್ತರಿಸುವ ಕಟಿಂಗ್ ಮೆಷಿನ್ ಇತ್ತು. ಅದರ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕದಲ್ಲಿ ಹೆಸರು ‘ಗಿಲೊಟಿನ್’ ಅಂತಲೇ ಇತ್ತು. ಮೇಲೆ ಚಕ್ರ ತಿರುಗಿಸಿದರೆ ಒಂದು ಪಟ್ಟಿ ಇಳಿದು ಕಾಗದದ ಕಟ್ಟನ್ನು ಒತ್ತಿ ಹಿಡಿಯುತ್ತೆ. ಆಮೇಲೆ ಹಿಡಿ ಎಳೆದರೆ ಬ್ಲೇಡು ನೇರ ಬೀಳಲ್ಲ, ಓರೆಯಾಗಿ ಜಾರಿಕೊಂಡು ಬರುತ್ತೆ. ಐನೂರು ಹಾಳೆ, ಬೆಣ್ಣೆ ಕೊಯ್ದ ಹಾಗೆ. ಬೈಂಡಿಂಗ್ ಮಾಡ್ತಿದ್ದ ಹಿರಿಯರು ಹೇಳುತ್ತಿದ್ದರು, ‘ನೇರ ಕುಟ್ಟಿದ್ರೆ ಜಜ್ಜುತ್ತೆ ಕಣಯ್ಯಾ, ಓರೆ ಎಳೆದ್ರೆ ಕೊಯ್ಯುತ್ತೆ. ಈಳಿಗೆಮಣೆ ನೋಡಿಲ್ವಾ?’ ಪ್ಯಾರಿಸ್ಸಿನ ಯಂತ್ರಕ್ಕೂ ಓರೆ ಅಂಚಿನ ಬ್ಲೇಡೇ ಹಾಕಿದರು. ಕತ್ತು ಹಿಡಿಯಲು ಎರಡು ಹಲಗೆ, ಮಧ್ಯೆ ದುಂಡಗಿನ ತೂತು. ಮೊದಲು ಕುರಿ, ಆಮೇಲೆ ಬಿಸೆತ್ರ್ ಆಸ್ಪತ್ರೆಯ ಹೆಣಗಳ ಮೇಲೆ ಪರೀಕ್ಷೆ. 1792ರ ಏಪ್ರಿಲ್ 25ರಂದು ಪೆಲೆತಿಯೇ ಎಂಬ ದರೋಡೆಕೋರ ಮೊದಲ ಗಿರಾಕಿ. ಜನ ಸೇರಿದ್ದರು, ಆದರೆ ನೋಡೋದಕ್ಕೆ ಏನೂ ಸಿಗಲಿಲ್ಲ, ಎಲ್ಲ ಬೇಗ ಮುಗಿದುಹೋಯಿತು ಅಂತ ಗೊಣಗಿದರು.

ಆ ‘ಬೇಗ’ ಅನ್ನೋದೇ ಆಮೇಲೆ ಕುತ್ತಾಯಿತು. ಸಾನ್ಸನ್ ಎಂಬ ವಂಶಪಾರಂಪರ್ಯದ ಕೊಲೆಗಾರ (ಮರಣದಂಡನೆ ಜಾರಿ ಮಾಡುವ ಸರ್ಕಾರಿ ನೌಕರ, ಬೇರೆ ಪದ ತೋಚುತ್ತಿಲ್ಲ) ಅದಕ್ಕೂ ಮೊದಲೇ ಸರ್ಕಾರಕ್ಕೆ ಬರೆದಿದ್ದ: ಒಂದೇ ದಿನ ಹಲವರ ತಲೆ ತೆಗೆದರೆ ಕತ್ತಿ ಮೊಂಡಾಗುತ್ತೆ. ಯಂತ್ರ ಬಂದಮೇಲೆ ಆ ತಾಪತ್ರಯ ಇಲ್ಲ. 1794ರ ಜೂನ್ 10ರಂದು ಒಂದು ಕಾನೂನು ಬಂತು. ಆರೋಪಿಗೆ ವಕೀಲ ಇಲ್ಲ. ತೀರ್ಪು ಎರಡೇ: ಬಿಡುಗಡೆ, ಇಲ್ಲವೇ ಸಾವು. ಮುಂದಿನ ಏಳು ವಾರಗಳಲ್ಲಿ ಪ್ಯಾರಿಸ್ ಒಂದರಲ್ಲೇ ಸುಮಾರು 1,400 ತಲೆ ಉರುಳಿದವು.

ಇದರ ಹಿಂದಿದ್ದ ಕ್ರಾಂತಿಯ ನಾಯಕ ರೋಬ್‌ಸ್ಪಿಯರ್ ಬರೀ ಮೂರು ವರ್ಷದ ಹಿಂದೆ, 1791ರ ಮೇ ತಿಂಗಳಲ್ಲಿ, ಮರಣದಂಡನೆಯನ್ನೇ ರದ್ದು ಮಾಡಿ ಅಂತ ಡಾಕ್ಟರು ಭಾಷಣ ಮಾಡಿದ್ದ ಅದೇ ಸಭೆಯಲ್ಲಿ ವಾದಿಸಿದ್ದ! 1794ರ ಜುಲೈ 28ರಂದು ಅವನ ಸರದಿ ಬಂತು. ಹಿಂದಿನ ರಾತ್ರಿ ಗುಂಡು ತಗುಲಿ ದವಡೆ ಒಡೆದಿತ್ತು, ಬಟ್ಟೆ ಕಟ್ಟಿದ್ದರು. ಬ್ಲೇಡಿಗೆ ಅಡ್ಡ ಬರುತ್ತೆ ಅಂತ ಆ ಬಟ್ಟೆಯನ್ನು ಕಿತ್ತರು. ಅವನು ಕಿರುಚಿದ್ದು ಚೌಕದಲ್ಲೆಲ್ಲ ಕೇಳಿಸಿತು. ನಿಮ್ಮ ಮೇಷ್ಟ್ರ ಗಾದೆಗೆ ಇವನು ಸರಿಹೋಗುತ್ತಾನೆ, ಡಾಕ್ಟರಲ್ಲ.

ಪ್ರಶ್ನೆ: ಗಿಲೊಟಿನ್‌ಗೆ ಹೋದವರು ರಾಜ, ರಾಣಿ, ಜಮೀನ್ದಾರರು ತಾನೇ? ಅಷ್ಟು ಮರುಕ ಯಾಕೆ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಹದಿನಾರನೇ ಲೂಯಿ, ಮರೀ ಆಂತ್ವಾನೆತ್ ಹೆಸರು ನಮ್ಮ ಶಾಲೆ ಪುಸ್ತಕದಲ್ಲಿವೆ, ಅದಕ್ಕೇ ಹಾಗೆ ಅನ್ನಿಸುತ್ತೆ. ಆ ಭಯದ ಕಾಲದಲ್ಲಿ ದೇಶಾದ್ಯಂತ ವಿಚಾರಣೆ ಮಾಡಿ ಕೊಂದದ್ದು ಸುಮಾರು 17,000 ಮಂದಿಯನ್ನು. ಅವರಲ್ಲಿ ಜಾಸ್ತಿ ಜನ ರೈತರು, ಕೂಲಿಗಳು, ಕಸುಬುದಾರರು. ನಾಂತ್ ಊರಿನಲ್ಲಂತೂ ಗಿಲೊಟಿನ್ ಸಾಲದೆ ಕೈದಿಗಳನ್ನು ದೋಣಿಗೆ ತುಂಬಿ ಲುವಾರ್ ನದಿಯಲ್ಲಿ ಮುಳುಗಿಸಿದರು.

ನನಗೆ ಮರುಕ ಇನ್ನೊಬ್ಬಳ ಮೇಲೆ. ಸೋಫಿ ಶೋಲ್, ವಯಸ್ಸು 21, ಜರ್ಮನಿಯ ಮ್ಯೂನಿಕ್ ವಿಶ್ವವಿದ್ಯಾಲಯದ ಹುಡುಗಿ. ಹಿಟ್ಲರನ ವಿರುದ್ಧ ಕರಪತ್ರ ಹಂಚುತ್ತಾ ಅಣ್ಣ ಹಾನ್ಸ್ ಜೊತೆ ಸಿಕ್ಕಿಬಿದ್ದಳು. 1943ರ ಫೆಬ್ರವರಿ 22ರಂದು ಬೆಳಿಗ್ಗೆ ವಿಚಾರಣೆ, ಸಂಜೆ ಗಿಲೊಟಿನ್. ಕರಪತ್ರಗಳು ಅಚ್ಚಾದದ್ದು ಕೈಯಲ್ಲಿ ತಿರುಗಿಸುವ ಸೈಕ್ಲೋಸ್ಟೈಲ್ ಮೆಷಿನ್ನಿನಲ್ಲಿ. ಅಂಥದ್ದರಲ್ಲಿ ರಾತ್ರಿಯೆಲ್ಲಾ ಹಾಳೆ ಎಳೆದವನು ನಾನು. ಬೆಳಿಗ್ಗೆ ಬೆರಳ ಸಂದಿಯಲ್ಲಿ ಉಳಿದ ಇಂಕು ಸೋಪಿಗೂ ಹೋಗಲ್ಲ.

ಪ್ರಶ್ನೆ: ಈ ಯಂತ್ರ ನಿಂತದ್ದು ಯಾವಾಗ?
– ಓದುಗರೊಬ್ಬರು, ತುಮಕೂರು

ಉತ್ತರ: ಫ್ರಾನ್ಸಿನಲ್ಲಿ ಕೊನೆಯ ತಲೆ ಹೋದದ್ದು 1977ರ ಸೆಪ್ಟೆಂಬರ್ 10ರಂದು, ಮಾರ್ಸೆಯ ಜೈಲಿನಲ್ಲಿ. ನಮ್ಮಲ್ಲಿ ಎಮರ್ಜೆನ್ಸಿ ಮುಗಿದ ವರ್ಷ! 1981ರಲ್ಲಿ ಮರಣದಂಡನೆಯೇ ರದ್ದಾಯಿತು. ಹೆಸರು ಮಾತ್ರ ನಮ್ಮ ಲೋಕಸಭೆಯಲ್ಲೂ ಇದೆ. ಬಜೆಟ್ ಸಮಯದಲ್ಲಿ ಚರ್ಚೆಗೆ ಹೊತ್ತು ಸಾಲದೆ ಉಳಿದ ಇಲಾಖೆಗಳ ಬೇಡಿಕೆಗಳನ್ನೆಲ್ಲ ಸ್ಪೀಕರ್ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಅದಕ್ಕೂ ಗಿಲೊಟಿನ್ ಅಂತಲೇ ಅನ್ನುತ್ತಾರೆ.