ಚಳಿಗಾಲದ ರಜೆಯಲ್ಲಿ ಮನಸ್ಸು ಕುಗ್ಗಿದರೆ, ಜೊತೆ ಕೂತು ಕೈಕೆಲಸ ಮಾಡುವುದು ನೆರವಾಗುತ್ತಾ?

ನೀವಿರುವ ಸ್ಟಾಕ್‌ಹೋಮ್‌ನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಯಾವುದೂ ಬೇಡ ಅನ್ನಿಸುತ್ತದೆ ಎಂದಿದ್ದೀರಿ. ಅದು ಸೋಮಾರಿತನ ಅಲ್ಲ. ಅಲ್ಲಿ ಆಗ ಹಗಲು ಸುಮಾರು 6 ಗಂಟೆ ಅಷ್ಟೇ, ಮಧ್ಯಾಹ್ನ 3ಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಬೆಳಕು ಕಡಿಮೆಯಾದರೆ ಕೆಲವರಿಗೆ ನಿದ್ದೆ ಜಾಸ್ತಿ, ಸಿಹಿಯ ಆಸೆ ಜಾಸ್ತಿ, ಜನರ ಜೊತೆ ಬೆರೆಯಲು ಮನಸ್ಸಿಲ್ಲ.

ಜೊತೆ ಕೂತು ಮಾಡುವ ಕೆಲಸ ನೆರವಾಗಬಹುದು. ಸ್ವೀಡನ್ನಿನ ಮನೆಗಳಲ್ಲಿ ಶುಂಠಿ ಬಿಸ್ಕತ್ತಿನ ಪುಟ್ಟ ಮನೆ ಕಟ್ಟುತ್ತಾರೆ, ಅಲ್ವಾ? ಗೋಡೆ ಅಂಟಿಸುವುದು ಕರಗಿಸಿದ ಸಕ್ಕರೆಯಿಂದ. ಅದು ಬೇಗ ಗಟ್ಟಿಯಾಗುತ್ತದೆ, ಒಬ್ಬರು ಅಂಟಿಸುವಾಗ ಇನ್ನೊಬ್ಬರು ಹಿಡಿದುಕೊಳ್ಳಬೇಕು. ನನಗೆ ಇಷ್ಟವಾಗುವುದು ಇದೇ: ಹೆಚ್ಚು ಮಾತಾಡದೆಯೂ ಜೊತೆಗಿರಬಹುದು. ಯಾರೂ ಕರೆಯದಿದ್ದರೆ ನೀವೇ ಪಕ್ಕದವರನ್ನು ಕರೆಯಿರಿ, ಚಕ್ಕುಲಿ ಒತ್ತಿ. ಹುಮ್ಮಸ್ಸು ಬರಲಿ ಅಂತ ಸುಮ್ನೆ ಕಾಯಬೇಡಿ. ಖಿನ್ನತೆಯಲ್ಲಿ ಎಷ್ಟೋ ಸಲ ಕೆಲಸ ಶುರುವಾದ ಮೇಲೆಯೇ ಹುಮ್ಮಸ್ಸು ಬರುವುದು. ಹಗಲಲ್ಲೇ, ಕಿಟಕಿ ಪಕ್ಕ ಕೂತರೆ ಇನ್ನೂ ಒಳ್ಳೆಯದು.

ಇದೊಂದೇ ಸಾಲದಿರಬಹುದು. ಬೆಳಗ್ಗೆ 10,000 ಲಕ್ಸ್ (ಬೆಳಕಿನ ತೀವ್ರತೆಯ ಅಳತೆ) ದೀಪದ ಮುಂದೆ ಅರ್ಧ ಗಂಟೆ ಕೂರುವ ಚಿಕಿತ್ಸೆಯೂ ಇದೆ. ಕಣ್ಣಿನ ತೊಂದರೆ ಅಥವಾ ಬೈಪೋಲಾರ್ (ಮನಸ್ಸು ಅತಿಯಾಗಿ ಏರಿಳಿಯುವ ಕಾಯಿಲೆ) ಇದ್ದರೆ ಮೊದಲು ವೈದ್ಯರನ್ನು ಕೇಳಿ. ಎರಡು ವಾರವಾದರೂ ಹೀಗೇ ಇದ್ದರೆ ಸ್ವೀಡನ್ನಿನ ಆರೋಗ್ಯ ಸಲಹೆಯ ಸಂಖ್ಯೆ 1177ಕ್ಕೆ ಫೋನ್ ಮಾಡಿ. ಬದುಕೇ ಬೇಡ ಅನ್ನಿಸಿದರೆ ತಕ್ಷಣ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ.